ಹೊಸ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಇಡುವ ಪದರ) ಹಾಕುವಾಗ ಸೀಲೆಂಟ್ ಬೇಕಾ? ಬೇಕಿದ್ದರೆ ಎಲ್ಲೆಲ್ಲಿ, ಎಷ್ಟು?

ಎಣ್ಣೆಕೈ:
ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಅಲ್ಯೂಮಿನಿಯಂ ಹೆಡ್. ಟ್ಯಾಪೆಟ್ ಕವರ್ (ಹೆಡ್ ಮೇಲಿನ ಮುಚ್ಚಳ) ಹಿಂಬದಿಯಿಂದಲೂ ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಅಂಚಿನಿಂದಲೂ ಆಯಿಲ್ ಜಿನುಗುತ್ತಿದೆ. ಕವರ್‌ಗೆ ಹೊಸ ರಬ್ಬರ್ ಗ್ಯಾಸ್ಕೆಟ್ ಇದೆ. ಸಂಪ್‌ಗೆ ಗ್ಯಾಸ್ಕೆಟ್ಟೇ ಇಲ್ಲ, ಬಿಚ್ಚಿದರೆ ಬರೀ ಕಪ್ಪು ಸಿಲಿಕೋನ್. ಜೊತೆಗೆ ವಾಟರ್ ಪಂಪ್ ಬದಲಿಸಬೇಕು, ಅದಕ್ಕೆ ಪೇಪರ್ ಗ್ಯಾಸ್ಕೆಟ್. ಎಲ್ಲದಕ್ಕೂ ಒಂದೇ ಟ್ಯೂಬ್ ಆರ್‌ಟಿವಿ (ಹಚ್ಚಿದ ಮೇಲೆ ತಾನಾಗಿ ಗಟ್ಟಿಯಾಗುವ ಸಿಲಿಕೋನ್ ಸೀಲೆಂಟ್) ಸಾಕಾ? ರಬ್ಬರ್ ಗ್ಯಾಸ್ಕೆಟ್‌ಗೂ ಎರಡೂ ಕಡೆ ಬಳಿದರೆ ಡಬಲ್ ಸೇಫ್ ಅಂತಾರಲ್ಲ, ಹೌದಾ?

ಟಾರ್ಕ್‌ರೆಂಚ್:
ಡಬಲ್ ಸೇಫ್ ಅಲ್ಲ, ಡಬಲ್ ಲೀಕ್. ರಬ್ಬರ್ ಗ್ಯಾಸ್ಕೆಟ್ ಕೂರುವ ತೋಡಿನಲ್ಲಿ ಅದು ಒತ್ತಿಕೊಳ್ಳಲು ಲೆಕ್ಕ ಹಾಕಿ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಸಿಲಿಕೋನ್ ತುಂಬಿದರೆ ರಬ್ಬರ್‌ಗೆ ಹೋಗಲು ಜಾಗವಿಲ್ಲ. ಮೇಲಾಗಿ ಹಸಿ ಸಿಲಿಕೋನ್ ಜಾರುತ್ತದೆ. ಬೋಲ್ಟ್ ಬಿಗಿ ಮಾಡುತ್ತಿದ್ದಂತೆ ಗ್ಯಾಸ್ಕೆಟ್ ತೋಡಿನಿಂದ ಆಚೆ ಬರುತ್ತದೆ. ಆದ್ದರಿಂದ ಏನೂ ಹಚ್ಚದೆ ಒಣದಾಗಿಯೇ ಹಾಕಿ.

ಆದರೆ ಕೆಲವು ಮೂಲೆಗಳಲ್ಲಿ ಮಾತ್ರ ಆರ್‌ಟಿವಿ ಬೇಕೇ ಬೇಕು. ಟೈಮಿಂಗ್ ಕವರ್ (ಟೈಮಿಂಗ್ ಚೈನ್ ಮುಚ್ಚುವ ಕವರ್) ಮತ್ತು ಹೆಡ್ ಸೇರುವ ಗೆರೆಯ ಮೇಲೆ ಗ್ಯಾಸ್ಕೆಟ್ ಹಾದುಹೋಗುವ ಎರಡು ಜಾಗ. ಹಾಗೆಯೇ ಕ್ಯಾಮ್ ಕ್ಯಾಪ್ (ಕ್ಯಾಮ್‌ಶಾಫ್ಟ್ ಹಿಡಿದಿಡುವ ಭಾಗ) ಅಥವಾ ಅರ್ಧಚಂದ್ರ ಪ್ಲಗ್ ಇದ್ದರೆ, ಗ್ಯಾಸ್ಕೆಟ್ ಸಮತಟ್ಟಿನಿಂದ ಮೇಲಕ್ಕೆ ಏರುವ ಕೋನಗಳು. ಅಲ್ಲಿ ರಬ್ಬರ್ ಎಷ್ಟು ಮೆತ್ತಗಿದ್ದರೂ ಕೂದಲೆಳೆ ಸಂದು ಉಳಿಯುತ್ತದೆ. 3-4 ಮಿ.ಮೀ. ಗಾತ್ರದ ಒಂದೊಂದು ಬೊಟ್ಟು ಇಟ್ಟು, ಅದರ ಮೇಲೆ ಕೆನೆ ಕಟ್ಟುವ ಮೊದಲೇ ಕವರ್ ಕೂರಿಸಿ. ಹಿಂಬದಿಯಿಂದ ಜಿನುಗುತ್ತಿದೆ ಅಂದರೆ ಅನುಮಾನ ಮೊದಲು ಹಿಂದಿನ ಆ ಕೋನಗಳ ಮೇಲೇ.

ಕವರ್ ಬೋಲ್ಟ್‌ಗಳು ಹೆಚ್ಚಾಗಿ 8-10 ನ್ಯೂಟನ್ ಮೀಟರ್ ಅಷ್ಟೇ, ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ ನೋಡಿಕೊಳ್ಳಿ. ಸೋರುತ್ತದೆ ಅಂತ ಇನ್ನಷ್ಟು ತಿರುವಿದರೆ ಪ್ಲಾಸ್ಟಿಕ್ ಕವರ್ ಬಿರಿಯುತ್ತದೆ, ಇಲ್ಲವೇ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ.

ಫೀಲರ್‌ಗೇಜ್:
ಸಂಪ್ ವಿಷಯ. ಅಲ್ಲಿ ಕೆಲಸದ ಮುಕ್ಕಾಲು ಪಾಲು ಕ್ಲೀನಿಂಗ್. ಹಳೇ ಗಟ್ಟಿ ಸಿಲಿಕೋನ್ ಮೇಲೆ ಹೊಸದು ಹಿಡಿಯುವುದಿಲ್ಲ, ಆದ್ದರಿಂದ ಬರಿ ಲೋಹ ಕಾಣಬೇಕು. ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ಡ್ರಿಲ್‌ಗೆ ಸಿಕ್ಕಿಸುವ ಉಜ್ಜುವ ಡಿಸ್ಕ್ ಬೇಡವೇ ಬೇಡ: ಅಲ್ಯೂಮಿನಿಯಂನಲ್ಲಿ ತಗ್ಗು ಬೀಳುತ್ತದೆ, ಅದರ ಪುಡಿ ಆಯಿಲ್ ಜೊತೆ ಸೇರಿ ಬೇರಿಂಗ್ ತಿನ್ನುತ್ತದೆ. ಬ್ಲಾಕ್‌ನಿಂದ ಆಯಿಲ್ ತೊಟ್ಟಿಕ್ಕುವುದು ನಿಲ್ಲಲು ಒಂದು ರಾತ್ರಿ ಬಿಡಿ. ಹಚ್ಚುವ ಮುನ್ನ ಬ್ರೇಕ್ ಕ್ಲೀನರ್ ಹಾಕಿದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೆಳ್ಳಗೇ ಉಳಿದರೆ ಸರಿ.

ತಗಡಿನ ಸಂಪ್ ಆದರೆ ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು ನೋಡಿ. ಹಿಂದೆ ಅತಿಯಾಗಿ ಬಿಗಿ ಮಾಡಿದ್ದರೆ ಪ್ರತಿ ಬೋಲ್ಟ್ ತೂತಿನ ಸುತ್ತ ಉಬ್ಬಿರುತ್ತದೆ. ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡದಿದ್ದರೆ ಯಾವ ಸೀಲೆಂಟೂ ನಿಲ್ಲುವುದಿಲ್ಲ.

ಸೀಲೆಂಟ್ ಗೆರೆ ಸುಮಾರು 3 ಮಿ.ಮೀ. ದಪ್ಪ, ಎಲ್ಲೂ ಕಡಿಯದಂತೆ, ಬೋಲ್ಟ್ ತೂತುಗಳ ಒಳಬದಿಯಲ್ಲಿ ಹಾಯಬೇಕು. ಹೊರಬದಿಯಲ್ಲಿ ಎಳೆದರೆ ಬೋಲ್ಟ್ ಥ್ರೆಡ್ ಮೂಲಕವೇ ಆಯಿಲ್ ಇಳಿಯುತ್ತದೆ. ಟೈಮಿಂಗ್ ಕವರ್ ಮತ್ತು ಹಿಂದಿನ ಸೀಲ್ ಹೌಸಿಂಗ್ ಬ್ಲಾಕ್‌ಗೆ ಸೇರುವಲ್ಲಿ ಸ್ವಲ್ಪ ಜಾಸ್ತಿ. ಉಳಿದೆಡೆ ಜಾಸ್ತಿ ಬೇಡ. ಹೊರಗೆ ಹಿಂಡಿಕೊಂಡಷ್ಟೇ ಒಳಗೂ ಹಿಂಡಿರುತ್ತದೆ. ಆ ತುಣುಕು ಕಳಚಿ ಆಯಿಲ್ ಸ್ಟ್ರೈನರ್‌ಗೆ ಅಂಟಿದರೆ ಆಯಿಲ್ ಪ್ರೆಶರ್ ಕುಸಿದು ಎಂಜಿನ್ನೇ ಹೋಗುತ್ತದೆ. ಒಂದು ಹನಿ ಲೀಕ್‌ಗಿಂತ ಇದು ಬಹಳ ದುಬಾರಿ.

ಎಣ್ಣೆಕೈ:
ಕೈಯಲ್ಲಿ ಬಿಗಿ ಮಾಡಿ ಒಂದು ಗಂಟೆ ಬಿಟ್ಟು ಆಮೇಲೆ ಟಾರ್ಕ್ ಕೊಡಿ ಅಂತ ಟ್ಯೂಬ್ ಮೇಲಿದೆ. ಮ್ಯಾನ್ಯುಯಲ್‌ನಲ್ಲಿ 5 ನಿಮಿಷದೊಳಗೆ ಪೂರ್ತಿ ಬಿಗಿ ಮಾಡಿ ಅಂತಿದೆ. ಯಾವುದು ಸರಿ?

ಫೀಲರ್‌ಗೇಜ್:
ಲೋಹಕ್ಕೆ ಲೋಹ ಕೂರುವ ಸಂಪ್‌ಗೆ ಮ್ಯಾನ್ಯುಯಲ್ಲೇ ಸರಿ. ಅರ್ಧ ಗಟ್ಟಿಯಾದ ಮೇಲೆ ಒತ್ತಿದರೆ ಅಂಟು ಲೋಹದಿಂದ ಬಿಡುತ್ತದೆ. ಬೋಲ್ಟ್‌ಗಳನ್ನು ನಡುವಿನಿಂದ ಅಂಚಿಗೆ, ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಸಂಪ್ ನೇರ ಮೇಲೇರಲು ತಲೆ ಕತ್ತರಿಸಿದ ಎರಡು ಉದ್ದ ಬೋಲ್ಟ್‌ಗಳನ್ನು ಗೈಡ್ ಆಗಿ ಹಾಕಿದರೆ ಗೆರೆ ಕದಡುವುದಿಲ್ಲ. ಆರ್‌ಟಿವಿ ಗಾಳಿಯ ತೇವದಿಂದ ಗಟ್ಟಿಯಾಗುವ ವಸ್ತು. ಆಯಿಲ್ ತುಂಬಲು 24 ಗಂಟೆ ಕಾದರೆ ಒಳ್ಳೆಯದು.

ಪಾನಾ_ಪಕ್ಕಡ್:
ಒಂದೇ ಟ್ಯೂಬ್ ಎಲ್ಲದಕ್ಕೂ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ವಿನಿಗರ್ ವಾಸನೆಯ ಕಿಟಕಿ ಸಿಲಿಕೋನ್ ಮುಟ್ಟಬೇಡಿ, ಅದರ ಆಮ್ಲ ಲೋಹ ತಿನ್ನುತ್ತದೆ. "ಸೆನ್ಸರ್ ಸೇಫ್" ಅಂತ ಇರುವ ಆಯಿಲ್ ತಡೆಯುವ ಆರ್‌ಟಿವಿಯೇ ಬೇಕು. ಇಲ್ಲದಿದ್ದರೆ ಸಿಲಿಕೋನ್ ಆವಿ ಪಿಸಿವಿ (ಎಂಜಿನ್ ಒಳಗಿನ ಆವಿಯನ್ನು ಇಂಟೇಕ್‌ಗೆ ಕಳಿಸುವ ವ್ಯವಸ್ಥೆ) ಮೂಲಕ ಇಂಟೇಕ್‌ಗೆ ಹೋಗಿ ಆಕ್ಸಿಜನ್ ಸೆನ್ಸರ್ ಕೆಡಿಸುತ್ತದೆ. ಪೆಟ್ರೋಲ್ ತಾಗುವಲ್ಲಿ ಯಾವ ಆರ್‌ಟಿವಿಯೂ ಬೇಡ, ಊದಿಕೊಂಡು ಕಿತ್ತುಬರುತ್ತದೆ. ಹಲವು ಪದರದ ಸ್ಟೀಲ್ ಹೆಡ್ ಗ್ಯಾಸ್ಕೆಟ್‌ಗೆ ಮ್ಯಾನ್ಯುಯಲ್ ಹೇಳದ ಹೊರತು ಏನೂ ಹಚ್ಚಬಾರದು.

ವಾಟರ್ ಪಂಪ್ ಪೇಪರ್ ಗ್ಯಾಸ್ಕೆಟ್‌ಗೆ, ತಯಾರಕರು ಬೇಡ ಅನ್ನದಿದ್ದರೆ, ಗಟ್ಟಿಯಾಗದ ಸೀಲೆಂಟ್ ಬೆರಳಲ್ಲಿ ಸವರಿ. ಕಾಗದದ ಬಣ್ಣ ಕಾಣುವಷ್ಟು ತೆಳು. ಯಾವುದಾದರೂ ಬೋಲ್ಟ್ ನೀರಿನ ಜಾಕೆಟ್‌ಗೆ (ಕೂಲೆಂಟ್ ಹರಿಯುವ ಒಳ ಜಾಗ) ಹೊಕ್ಕಿದ್ದರೆ ಅದರ ಥ್ರೆಡ್‌ಗೂ ಸೀಲೆಂಟ್ ಬೇಕು. ಗ್ಯಾಸ್ಕೆಟ್ ಚೆನ್ನಾಗಿದ್ದರೂ ಕೂಲೆಂಟ್ ಬೋಲ್ಟ್ ತಲೆಯಡಿ ಬರುವುದು ಇದರಿಂದಲೇ.

ಎಲ್ಲ ಮುಚ್ಚುವ ಮೊದಲು ಪಿಸಿವಿ ವಾಲ್ವ್ ನೋಡಿ. ಅದು ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡವೇ ಆಯಿಲ್ ತಳ್ಳುತ್ತದೆ, ಹೊಸ ಗ್ಯಾಸ್ಕೆಟ್ ಕೂಡ ಸೋರುತ್ತದೆ. ಐಡ್ಲಿಂಗ್‌ನಲ್ಲಿ ಆಯಿಲ್ ಕ್ಯಾಪ್ ತೆಗೆದು ತೂತಿನ ಮೇಲೆ ಕಾಗದದ ಚೂರು ಇಡಿ. ಸಾಮಾನ್ಯವಾಗಿ ತೂತು ಅದನ್ನು ಒಳಕ್ಕೆ ಸೆಳೆಯಬೇಕು. ಹಾರಿಬಿದ್ದರೆ ವಾಲ್ವನ್ನೂ ಹೋಸನ್ನೂ ಮೊದಲು ಬದಲಿಸಿ, ಆಮೇಲೆ ಗ್ಯಾಸ್ಕೆಟ್.