ಕೆರೆ ಕೆಲಸಕ್ಕೆ ಮೂರನೆಯ ವಾರವೇ ಜನ ಇಲ್ಲ, ಮಾಡಿ ನೋಡಿದವರು ಹೇಳಿ

ಶಿರಾ ಕಡೆಯ ಹಳ್ಳಿಯಿಂದ ಕೇಳಿದ್ದು:

ನಾವು ಹನ್ನೆರಡು ಹುಡುಗ ಹುಡುಗಿಯರು ಸೇರಿ ಊರ ಕೆರೆಯ ಪ್ಲಾಸ್ಟಿಕ್ ಆಯಲು ಆರಂಭಿಸಿದೆವು. ಮೂರನೆಯ ಭಾನುವಾರ ಬಂದವರು ನಾಲ್ವರೇ. ಹಿರಿಯರು, ‘ಓದಿಕೊಳ್ಳುವುದು ಬಿಟ್ಟು ಇದೇಕೆ?’ ಎನ್ನುತ್ತಾರೆ. ಮುಂದುವರಿಯುವುದು ಹೇಗೆ?

ಕೋಲಾರದಿಂದ:

ನಿಮ್ಮ ಹಾಗೆಯೇ ನಾವೂ ಒಂದು ವರ್ಷ ಕಸ ಆಯ್ದೆವು. ಮಳೆ ಬಂದಾಗ ಹೊಸ ಕಸ ಬಂತು, ನೀರು ಮಾತ್ರ ಬರಲಿಲ್ಲ. ಆಮೇಲೆ ನೀರುಗಂಟಿ ಕೆಲಸ, ಅಂದರೆ ಕೆರೆಯ ನೀರನ್ನು ಹೊಲಗಳಿಗೆ ಹಂಚುವ ಕೆಲಸ, ಮಾಡಿದ್ದ ಅಜ್ಜನೊಬ್ಬರನ್ನು ಕರೆದುಕೊಂಡು ಕೆರೆಗೆ ನೀರು ತರುವ ಕಾಲುವೆಯ ಗುಂಟ ಮೇಲಕ್ಕೆ ನಡೆದೆವು. ಒಂದೂವರೆ ಕಿಲೋಮೀಟರ್ ಹೋದ ಮೇಲೆ ಅಜ್ಜ ಲಂಟಾನ ಪೊದೆಯೊಳಗೆ ಕೋಲು ಚುಚ್ಚಿ, ‘ಇಲ್ಲಿ ಕಲ್ಲಿರಬೇಕು’ ಎಂದರು. ಠಣ್ ಎಂದಿತು. ಕಾಲುವೆ ಅಲ್ಲಿಯೇ ಮುಚ್ಚಿ ಹೋಗಿತ್ತು. ಎರಡು ಹೊಲಗಳ ಬದು ಅದರ ಮೇಲೆಯೇ ಕುಳಿತಿತ್ತು.

ಒತ್ತುವರಿ ಎಂಬ ಮಾತನ್ನು ಮೊದಲ ದಿನವೇ ಎತ್ತಬೇಡಿ, ಊರು ಎರಡಾಗುತ್ತದೆ. ಗ್ರಾಮ ನಕ್ಷೆ ತರಿಸಿ. ಹಳ್ಳ, ಕಾಲುವೆ ಅದರಲ್ಲಿ ಕಾಣುತ್ತವೆ. ಪಹಣಿಯಲ್ಲಿ ‘ಬಿ’ ಖರಾಬು ಎಂದಿದ್ದರೆ ಅದು ಸಾರ್ವಜನಿಕ ಜಾಗ. ಕಾಗದ ಕೈಯಲ್ಲಿದ್ದರೆ ಜಗಳ ಆಡಬೇಕಾಗಿ ಬರುವುದೇ ಕಡಿಮೆ.

ಹೂಳೆತ್ತುವ ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ತಿಳಿದುಕೊಳ್ಳಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರ್‌ವರೆಗೆ ಇದ್ದರೆ ಜಿಲ್ಲಾ ಪಂಚಾಯಿತಿ, ಅದಕ್ಕಿಂತ ಹೆಚ್ಚಾಗಿ 2,000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆ. ನಾವು ಇದು ಗೊತ್ತಿಲ್ಲದೆ ತಪ್ಪು ಕಚೇರಿಯ ಮೆಟ್ಟಿಲನ್ನು ನಾಲ್ಕು ತಿಂಗಳು ಸವೆಸಿದೆವು. ಅಲ್ಲಿ ಯಾರೂ ‘ಇದು ನಮ್ಮದಲ್ಲ’ ಎನ್ನಲಿಲ್ಲ, ‘ಮುಂದಿನ ವಾರ ಬನ್ನಿ’ ಎಂದರು.

ಎತ್ತಿದ ಹೂಳನ್ನು, ಅಂದರೆ ಗೋಡು ಮಣ್ಣನ್ನು, ರೈತರೇ ತಮ್ಮ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆದುಕೊಳ್ಳಲಿ. ಜೆಸಿಬಿಯ ಬಾಡಿಗೆಯನ್ನಷ್ಟೇ ನಾವು ಹೊಂದಿಸಿದೆವು. ‘ಓದಿಕೊಳ್ಳಿ’ ಎಂದಿದ್ದ ಹಿರಿಯರೇ ಬೆಳಿಗ್ಗೆ ಆರಕ್ಕೆ ಸಾಲಿನಲ್ಲಿ ಮೊದಲಿಗರಾಗಿ ನಿಂತಿದ್ದರು! ಏರಿಯ ಬುಡದಲ್ಲಿ ಮಾತ್ರ ಅಗೆಯಬೇಡಿ. ಏರಿಯ ಮೇಲೆ ದೊಡ್ಡ ಮರದ ಸಸಿಯನ್ನೂ ನೆಡಬೇಡಿ, ಬೇರು ಇಳಿದ ದಾರಿಯಲ್ಲಿ ನೀರು ಜಿನುಗಲು ಶುರುವಾಗುತ್ತದೆ. ನಾವು ನೆಟ್ಟ ಮೂವತ್ತನ್ನು ನಾವೇ ಕಿತ್ತು ಶಾಲೆಯ ಹಿಂದೆ ನೆಟ್ಟೆವು.

ಶಿರಸಿಯಿಂದ:

1983ರ ಸೆಪ್ಟೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಸಾಲ್ಕಣಿಯವರು ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಅದು 38 ದಿನ ನಡೆಯಿತು. ಎಲ್ಲರಿಗೂ ನೆನಪಿರುವುದು ಮರ ಅಪ್ಪಿದ ಚಿತ್ರ. ಅದಕ್ಕೆ ಮೊದಲು ಯುವಕ ಮಂಡಳಿಯ ಹುಡುಗರು ಅರಣ್ಯ ಇಲಾಖೆಗೆ ಅರ್ಜಿ ಬರೆದಿದ್ದರು, ಅದು ಫಲಿಸದಿದ್ದಾಗ ಹೊರಟರು ಎಂಬುದನ್ನು ಯಾರೂ ಹೇಳುವುದಿಲ್ಲ. ಇನ್ನೊಂದು, ಇಲ್ಲಿಯವರ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ಬರುವುದು ಕಾಡು ಬೆಟ್ಟಗಳಿಂದಲೇ. ಕಾಡು ಹೋದರೆ ತೋಟವೂ ಹೋಗುತ್ತದೆ ಎಂಬುದು ಪ್ರತಿ ಮನೆಗೂ ಗೊತ್ತಿತ್ತು. ನಿಮ್ಮೂರಲ್ಲಿ ಕೆರೆ ತುಂಬಿದರೆ ಯಾರ ಬೋರ್‌ವೆಲ್ ಬದುಕುತ್ತದೆ, ಆ ಮನೆಯಿಂದ ಶುರುಮಾಡಿ.

ಮಂಡ್ಯದಿಂದ:

ಒಂದೇ ಮಾತು. ಸಭೆಯನ್ನು ರಾತ್ರಿ ಎಂಟಕ್ಕೆ ಅರಳಿಕಟ್ಟೆಯಲ್ಲಿ ಇಟ್ಟರೆ ಹುಡುಗಿಯರು ಬರುವುದಿಲ್ಲ. ‘ಹುಡುಗಿಯರಿಗೆ ಆಸಕ್ತಿಯಿಲ್ಲ’ ಎಂದು ಆಮೇಲೆ ನೀವೇ ಹೇಳುತ್ತೀರಿ. ನಾವು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬದಲಾಯಿಸಿದ ವಾರವೇ ಏಳು ಜನ ಹೆಚ್ಚಾದರು. ಹದಿನೆಂಟು ತುಂಬದವರಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ಕೇಳಲಿ. ನಮ್ಮಲ್ಲಿ ಎಂಟನೆಯ ತರಗತಿಯ ಹುಡುಗಿ, ‘ಕೋಡಿಯಲ್ಲಿ ಕೋಳಿ ಅಂಗಡಿಯ ಕಸ ಸುರಿಯುವವರು ಯಾರು?’ ಎಂದಳು. ಸುರಿಯುವವರು ಎದುರಿನ ಸಾಲಿನಲ್ಲಿಯೇ ಕುಳಿತಿದ್ದರು.

ಮತ್ತೆ ಕೋಲಾರದಿಂದ:

ಹೇಳಲು ಮರೆತೆ. ಖರ್ಚನ್ನು ವಾರವಾರವೂ ಹಾಲಿನ ಡೈರಿಯ ಗೋಡೆಗೆ ಅಂಟಿಸಿ, ಹತ್ತು ರೂಪಾಯಿಯ ಟೀ ಸಹಿತ. ನಮ್ಮ ಮೊದಲ ತಂಡ ಒಡೆದದ್ದು ಕೆರೆಗಾಗಿ ಅಲ್ಲ, 1,400 ರೂಪಾಯಿಯ ಡೀಸೆಲ್ ಲೆಕ್ಕಕ್ಕೆ.

ಕೇಳಿದವರು:

ಎಲ್ಲರಿಗೂ ವಂದನೆ. ನಮ್ಮ ಕೆರೆಯ ಅಚ್ಚುಕಟ್ಟು ಎಷ್ಟೆಂದು ಅಪ್ಪನನ್ನು ಕೇಳಿದೆ. ಅವರು ಪಕ್ಕದ ಮನೆಯವರನ್ನು ಕೇಳಿದರು, ಅವರು ಇನ್ನೊಬ್ಬರನ್ನು. ಈಗ ಜಗಲಿಯ ಮೇಲೆ ಆರು ಜನ ಕುಳಿತು ತೂಬು ಕೊನೆಯ ಸಲ ಎತ್ತಿದ್ದು ಯಾವ ವರ್ಷ ಎಂದು ವಾದ ಮಾಡುತ್ತಿದ್ದಾರೆ. ಶನಿವಾರ ಕಾಲುವೆ ನೋಡಲು ಬರುತ್ತೇವೆ ಎಂದು ಅವರಲ್ಲಿ ಇಬ್ಬರು ಹೇಳಿದ್ದಾರೆ.