ಫೋನಿಗೂ ಒಂದು ಕೈಲ್ ಮುಹೂರ್ತ

ಕೊಡಗಿನಲ್ಲಿ ಕಕ್ಕಡ ತಿಂಗಳು, ಜಡಿಮಳೆಯ ಕಾಲ. ಮೂರು ದಿನದಿಂದ ಕರೆಂಟಿಲ್ಲ. ನಾಪೋಕ್ಲು ಕಡೆ ಮರ ಬಿದ್ದು ಲೈನ್ ಹರಿದಿದೆ ಅಂತ ಒಬ್ಬರು, ಇಲ್ಲ ಕಂಬವೇ ಮಲಗಿದೆ ಅಂತ ಇನ್ನೊಬ್ಬರು. ಟವರಿನ ಬ್ಯಾಟರಿಯೂ ಅವತ್ತೇ ಪ್ರಾಣ ಬಿಟ್ಟಿತು. ಫೋನನ್ನೇನೋ ಜೀಪಿನಲ್ಲಿ ಚಾರ್ಜ್ ಮಾಡಿಕೊಂಡಿದ್ದೆವು, ಆದರೆ ಟಾರ್ಚಿಗೆ ಬಿಟ್ಟರೆ ಇನ್ಯಾವುದಕ್ಕೂ ಬರದು. ಹಾಗಾಗಿ ನಾವು ಐದು ಜನ ಸೆಂಟಣ್ಣನ ಮನೆ ಜಗಲಿಯಲ್ಲಿ ಬೆಲ್ಲದ ಕಾಫಿ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದೆವು. ಮೇಷ್ಟ್ರು ಮೀಸೆ ತೆಗೆಸಿದ್ದು ನನಗೆ ಗೊತ್ತಾಗಿದ್ದೇ ಅವತ್ತು. ತೆಗೆಸಿ ಒಂದು ವರ್ಷ ಆಯಿತಂತೆ.

ಸೆಂಟಣ್ಣ ಅಂದರೆ ಅತ್ತರಿನ ಸೆಂಟ್ ಅಲ್ಲ, ಮಳೆ ಸೆಂಟ್. ನಮ್ಮ ಕಾಫಿ ತೋಟದವರ ಲೆಕ್ಕದಲ್ಲಿ 100 ಸೆಂಟ್ ಅಂದರೆ ಒಂದು ಇಂಚು. ಇವನು ಬೆಳಿಗ್ಗೆ 7 ಗಂಟೆಗೆ ಮಳೆಮಾಪಕ ನೋಡಿ ಆರು ಗ್ರೂಪಿಗೆ ಹಾಕುತ್ತಾನೆ, "ಇವತ್ತು 340". ತೋಡಿನ ಆಚೆ ಕಡೆಯವರು 355 ಅಂತಾರೆ. ಆಮೇಲೆ ಮಧ್ಯಾಹ್ನದ ತನಕ ಜಗಳ. ಬಿದ್ದ ಮಳೆ ಬಿದ್ದೇ ಹೋಯಿತು, ಅದರಲ್ಲಿ ಗೆಲ್ಲುವುದಕ್ಕೆ ಏನಿದೆ?

"ಮೂರು ದಿನದ ಮಳೆ ಹೊಟ್ಟೆಯಲ್ಲೇ ಉಳಿದಿದೆ" ಅಂದ ಸೆಂಟಣ್ಣ, ಅಜೀರ್ಣ ಆದವನ ಹಾಗೆ. "ಹೇಳದಿದ್ದರೆ ಬಂದ ಮಳೆಗೆ ಅರ್ಥವೇ ಇಲ್ಲ."

"ನನಗೆ ಮಾತ್ರ ಮೂರು ದಿನದಿಂದ ಒಳ್ಳೆ ನಿದ್ದೆ" ಅಂದ ಹೋಂಸ್ಟೇ. ಅವನ ಹೆಸರೇ ಈಗ ಹೋಂಸ್ಟೇ. ಬೋರ್ಡಿನಲ್ಲಿ 'ಪ್ರಕೃತಿಯ ಮಡಿಲಲ್ಲಿ ನೆಮ್ಮದಿ' ಅಂತ ಬರೆಸಿದ್ದಾನೆ, ಬಂದವರು ಜೀಪಿಂದ ಕಾಲು ಕೆಳಗಿಡುವ ಮೊದಲು ಕೇಳುವುದು ವೈಫೈ ಪಾಸ್‌ವರ್ಡ್. ರಾತ್ರಿ 12ಕ್ಕೆ ಯಾರೋ 'ಕ್ಯಾಂಪ್‌ಫೈರ್ ಉಂಟಾ' ಅಂತ ಮೆಸೇಜ್ ಹಾಕುತ್ತಾರೆ. ಇವನು ತಪ್ಪಿ ತೆರೆದು ನೋಡಿದರೆ ನೀಲಿ ಗೆರೆ ಬಿತ್ತು, ಉತ್ತರ ಕೊಡಲೇಬೇಕು. ಒಂದು ಸಲ ಸುಮ್ನೆ ಮಲಗಿದ್ದಕ್ಕೆ ಒಂದೇ ಸ್ಟಾರ್ ಕೊಟ್ಟರಂತೆ, ಜಿಗಣೆ ಕಚ್ಚಿದ್ದನ್ನೂ ಅದರಲ್ಲೇ ಸೇರಿಸಿ.

ನನ್ನ ಕಥೆಯೂ ಹೇಳಬೇಕು. ನಾನು ದಿನಾ ಕಾಫಿ ರೇಟು ನೋಡುತ್ತೇನೆ. ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್. ನ್ಯೂಯಾರ್ಕ್ ಪೇಟೆ ಮುಚ್ಚುವ ಹೊತ್ತಿಗೆ ನಮಗೆ ರಾತ್ರಿ. ಹಾಸಿಗೆಯಲ್ಲಿ ಮಲಗಿ ನೋಡಿ, ಏರಿದರೆ ಎದೆ ಡವಡವ, ಇಳಿದರೂ ಡವಡವ.

"ನಿನ್ನ ಗೋಡೌನಿನಲ್ಲಿ ಕಾಫಿ ಎಷ್ಟು ಮೂಟೆ ಇದೆ?" ಮೇಷ್ಟ್ರು ಕೇಳಿದರು.

"ಒಂದೂ ಇಲ್ಲ. ಏಪ್ರಿಲ್‌ನಲ್ಲೇ ಎಲ್ಲ ಮಾರಿದೆ."

ಐದು ನಿಮಿಷ ನಕ್ಕರು. ಅಷ್ಟು ನಗುವ ವಿಷಯ ಏನಲ್ಲ.

ಐದನೆಯವನು ಸೆಂಟಣ್ಣನ ಅಕ್ಕನ ಮಗ, ಬೆಂಗಳೂರು ಕಂಪನಿ ಕೆಲಸವನ್ನು ಇಲ್ಲಿ ಕೂತು ಮಾಡುವವನು. "ಮಾಮ, ಇದಕ್ಕೆಲ್ಲ ಫೋನಿನಲ್ಲೇ ಮದ್ದಿದೆ" ಅಂದ. ಆಂಡ್ರಾಯ್ಡ್ ಫೋನುಗಳಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಒಂದಿದೆ, ಯಾವ ಆ್ಯಪ್ ಎಷ್ಟು ಹೊತ್ತು ಅಂತ ಗಡಿ ಹಾಕಬಹುದು. ಇವನು ರೀಲ್ಸಿಗೆ ಅರ್ಧ ಗಂಟೆ ಹಾಕಿದ್ದನಂತೆ. ಅರ್ಧ ಗಂಟೆಗೆ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ? ಆಮೇಲೆ ಇವನೇ ಸೆಟ್ಟಿಂಗ್ಸಿಗೆ ಹೋಗಿ ಗಡಿ ತೆಗೆಯುತ್ತಾನೆ. ಬೀಗವೂ ಇವನದೇ, ಕೀಲಿಕೈಯೂ ಇವನದೇ.

ಪರದೆಯನ್ನು ಕಪ್ಪು ಬಿಳುಪು ಮಾಡಿದರೆ ನೋಡುವ ಆಸೆ ಕಡಿಮೆ ಆಗುತ್ತದೆ ಅಂತ ಅದನ್ನೂ ಮಾಡಿದ್ದ. ಅದೇ ವಾರ ಸೆಂಟಣ್ಣ ತೋಟದಿಂದ ಗಿಡದ ಫೋಟೋ ಕಳಿಸಿ ಹಣ್ಣಾಗಿದೆಯಾ ಅಂತ ಕೇಳಿದ್ದಕ್ಕೆ, ಎಲ್ಲ ಕಾಯಿ ಅಂದುಬಿಟ್ಟಿದ್ದ. ಆ ಜಗಳ ಇನ್ನೂ ಮುಗಿದಿಲ್ಲ.

"ತಪ್ಪು ನಿಮ್ಮದಲ್ಲ, ಕಾಳಿನದು" ಅಂದರು ಮೇಷ್ಟ್ರು. ಅವರಿಗೆ ರಿಟೈರ್ ಆದ ಮೇಲೂ ಬೋರ್ಡಿಲ್ಲದೆಯೇ ಪಾಠ. ಅಮೆರಿಕದಲ್ಲಿ ಸ್ಕಿನ್ನರ್ ಅಂತ ಇದ್ದರಂತೆ, ಪಾರಿವಾಳ ಇಟ್ಟುಕೊಂಡು ಪ್ರಯೋಗ ಮಾಡಿದವರು. ಎಷ್ಟು ಸಲ ಕುಟುಕಿದರೆ ಕಾಳು ಬೀಳುತ್ತದೆ ಅಂತ ತಿಳಿದರೆ ಪಾರಿವಾಳ ತಿಂದು ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಯಾವ ಸಲ ಬೀಳುತ್ತದೋ ಗೊತ್ತೇ ಆಗದ ಹಾಗೆ ಮಾಡಿದರೆ ಬಿಡದೆ ಕುಟುಕುತ್ತಲೇ ಇರುತ್ತದೆ. ಫೋನನ್ನು ಬೆರಳಲ್ಲಿ ಕೆಳಗೆ ಎಳೆದು ಬಿಡುವುದೂ ಅದೇ.

"ಅಂದರೆ ನಾನು ಪಾರಿವಾಳ?" ಅಂದ ಸೆಂಟಣ್ಣ.

"ಪಾರಿವಾಳಕ್ಕೆ ಕಾಳಾದರೂ ಸಿಗುತ್ತಿತ್ತು. ನಿನಗೆ ಸಿಗುವುದು ಗುಡ್ ಮಾರ್ನಿಂಗ್ ಗುಲಾಬಿ."

ಇದರಿಂದ ಬಿಡಿಸಿಕೊಳ್ಳಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಅನ್ನುವ ಕ್ಲಿನಿಕ್ಕೇ ಇದೆ ಅಂದರು. "ಶಟ್ ಅಂದರೆ ಹೋದವರನ್ನು ಒಳಗೆ ಹಾಕಿ ಬಾಗಿಲು ಮುಚ್ಚುತ್ತಾರಾ?" ಅಂತ ಹೋಂಸ್ಟೇಗೆ ಗಾಬರಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ 2022ರಲ್ಲಿ ಶುರು ಮಾಡಿದ ಪದ್ಧತಿಯನ್ನೂ ಹೇಳಿದರು. ಸಂಜೆ 7ಕ್ಕೆ ಸೈರನ್ ಕೂಗಿದರೆ ಊರಿಡೀ ಟಿವಿ, ಮೊಬೈಲ್ ಬಂದ್. ಒಂದೂವರೆ ಗಂಟೆ ಮಕ್ಕಳಿಗೆ ಓದು, ದೊಡ್ಡವರಿಗೆ ಮಾತು.

ನಮ್ಮಲ್ಲಿ ನಡೆಯುವ ಮಾತಲ್ಲ ಅಂದೆ ನಾನು. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಅರ್ಧ ಮೈಲಿ ತೋಟ. ಸೈರನ್ ಕೂಗಿದರೆ ಆನೆ ಬಂತು ಅಂತ ನಾಲ್ಕು ಕಡೆ ಪಟಾಕಿ ಹೊಡೆಯುತ್ತಾರೆ, ಪಟಾಕಿ ಕೇಳಿದವರೆಲ್ಲ ಯಾವ ಕಡೆ ಅಂತ ನೋಡಲು ಫೋನ್ ತೆಗೆಯುತ್ತಾರೆ.

ಆನೆ ಅಂದ ಕೂಡಲೇ ಎಲ್ಲರೂ ಸ್ವಲ್ಪ ಗಂಭೀರ ಆದೆವು. ಆನೆ ಗ್ರೂಪನ್ನು ಮ್ಯೂಟ್ ಮಾಡುವ ಹಾಗಿಲ್ಲ, ಬೆಳಿಗ್ಗೆ ಕೆಲಸದವರು ಬರುವ ದಾರಿ ಅದು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಾವು ನಮ್ಮವರನ್ನು ಹುಡುಕಿದ್ದೂ ಇದೇ ಫೋನಿನಲ್ಲಿ. ಹಾಗಂತ ಅದೇ ದಾರಿಯಲ್ಲಿ ಪಾತ್ರೆಯ ಡಿಸ್ಕೌಂಟೂ ಬರಬೇಕಾ? ಹುಡುಗ ಎಣಿಸಿ ನೋಡಿದ, ಮಾಮನ ಫೋನಿನಲ್ಲಿ 43 ಆ್ಯಪ್‌ಗೆ ಕೂಗುವ ಅನುಮತಿ. ಒಂದೊಂದಕ್ಕೂ "ಇದು ಆನೆಯಷ್ಟು ದೊಡ್ಡ ವಿಷಯವಾ?" ಅಂತ ಕೇಳುತ್ತಾ ಹೋದೆವು. ಕೊನೆಗೆ ಉಳಿದದ್ದು ಮೂರು: ಆನೆ ಗ್ರೂಪ್, ಬ್ಯಾಂಕು, ಮತ್ತೆ ಮಳೆಮಾಪಕದ ಗ್ರೂಪು. ಕೊನೆಯದ್ದಕ್ಕೆ ಮತ ಹಾಕಿಸಿದೆವು. ಒಂದಕ್ಕೆ ನಾಲ್ಕರಲ್ಲಿ ಬಿತ್ತು, ಸೆಂಟಣ್ಣ ಒಪ್ಪಲಿಲ್ಲ.

ಅಷ್ಟರಲ್ಲಿ ಕಾಫಿ ಚೆಂಬು ಹಿಡಿದುಕೊಂಡು ಸೆಂಟಣ್ಣನ ಅವ್ವ ಬಂದರು. ಅಷ್ಟೂ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ.

"ಕೋವಿಯನ್ನು ಯಾರಾದರೂ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಾರಾ?" ಅಂತ ಕೇಳಿದರು. "ಊಟದ ಎಲೆ ಪಕ್ಕ ಇಟ್ಟುಕೊಳ್ಳುತ್ತಾರಾ? ನಾಟಿ ಮುಗಿಯುವ ತನಕ ಕೋವಿ, ಒಡಿಕತ್ತಿ ಎಲ್ಲ ದೇವರ ಕೋಣೆ ಕನ್ನಿಕೋಂಬರೆಯಲ್ಲಿ ಇರುತ್ತಿತ್ತು. ಕೈಲ್ ಮುಹೂರ್ತದ ದಿನ ತೋಕ್ ಪೂ, ಅದೇ ಕೋವಿ ಹೂ, ಇಟ್ಟು ಪೂಜೆ ಮಾಡಿಯೇ ಹೊರಗೆ ತೆಗೆಯುವುದು. ಇದನ್ನೂ ಅಲ್ಲೇ ಇಡಿ."

"ಅವ್ವ, ಕೈಲ್ ಮುಹೂರ್ತ ಸೆಪ್ಟೆಂಬರಿನಲ್ಲಿ!" ಅಂದ ಹೋಂಸ್ಟೇ, ಅಳುವುದೊಂದು ಬಾಕಿ.

ಚೌಕಾಸಿ ಶುರುವಾಯಿತು. ಒಂದು ತಿಂಗಳಿಂದ ಒಂದು ವಾರಕ್ಕೆ, ವಾರದಿಂದ ದಿನಕ್ಕೆ ಇಳಿಯಿತು. ಕೊನೆಗೆ ರಾತ್ರಿ 9ರಿಂದ ಬೆಳಿಗ್ಗೆ 6 ಅಂತ ತೀರ್ಮಾನ. ಅಲಾರಂ ಏನು ಮಾಡುವುದು ಅಂದ ಹುಡುಗ. ಅವ್ವ ಕೋಳಿ ಗೂಡು ತೋರಿಸಿದರು. ಆಫೀಸಿನವರು ರಾತ್ರಿ ಕರೆದರೆ? ಫ್ರಾನ್ಸಿನಲ್ಲಿ 2017ರಿಂದ ಇದಕ್ಕೇ ಕಾನೂನಿದೆ ಅಂದರು ಮೇಷ್ಟ್ರು. "ನಮ್ಮ ಮ್ಯಾನೇಜರ್ ಫ್ರಾನ್ಸಿನವರಲ್ಲ ಸಾರ್" ಅಂದ.

ಇವತ್ತೇ ಶುರು ಅಂತ ಐದೂ ಫೋನನ್ನು ಮೊರದಲ್ಲಿಟ್ಟು ಅವ್ವನ ಕೈಗೆ ಕೊಟ್ಟೆವು. ಮನಸ್ಸಿಗೆ ಎಂಥ ಹಗುರ! ನೆಟ್‌ವರ್ಕ್ ಇಲ್ಲದಾಗ ವೈರಾಗ್ಯ ಬಹಳ ಸುಲಭ. ಮೇಷ್ಟ್ರು ಹಳೇ ಹಾಕಿ ಮ್ಯಾಚಿನ ಕಥೆ ತೆಗೆದರು, ನಾನು ಮೊದಲ ಸಲ ಪೂರ್ತಿ ಕೇಳಿದೆ.

ಆ ಕಥೆಯಲ್ಲಿ ಪೆನಾಲ್ಟಿ ಕಾರ್ನರ್ ಸಿಗುವ ಹೊತ್ತಿಗೆ ಒಳಗಿಂದ ಟಿಂಗ್ ಅಂತು. ಟವರಿಗೆ ಯಾರೋ ಡೀಸೆಲ್ ಹಾಕಿದ್ದಾರೆ. ಟಿಂಗ್, ಟಿಂಗ್, ಆಮೇಲೆ ಮೂರು ದಿನದ್ದೂ ಒಟ್ಟಿಗೆ, ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಯಾರೂ ಏಳಲಿಲ್ಲ. ಯಾರೂ ಮಾತೂ ಆಡಲಿಲ್ಲ.

"ದೇವರಿಗೆ ಒಂದು ದೀಪ ಹಚ್ಚಿ ಬರುತ್ತೇನೆ" ಅಂತ ಸೆಂಟಣ್ಣ ಎದ್ದ. ಹತ್ತು ನಿಮಿಷ ಆದರೂ ಬರಲಿಲ್ಲ. ಇಷ್ಟು ಭಕ್ತಿ ನಾವು ಅವನಲ್ಲಿ ಯಾವತ್ತೂ ನೋಡಿರಲಿಲ್ಲ. ಆಮೇಲೆ ಹೋಂಸ್ಟೇಗೂ ಕೈಮುಗಿಯಬೇಕು ಅನ್ನಿಸಿತು. ಹುಡುಗ ಎಣ್ಣೆ ಸಾಕಾಗಿದೆಯಾ ನೋಡುತ್ತೇನೆ ಅಂತ ಹೋದ.

ನಾನು ಮೇಷ್ಟ್ರ ಮುಖ ನೋಡಿದೆ. "ಲಂಡನ್ ಮುಚ್ಚಿರುತ್ತದೆ" ಅಂದರು ಅವರು. "ನ್ಯೂಯಾರ್ಕ್ ಇನ್ನೂ ಇದೆ, ಹೋಗು."