ತುರ್ಕಿ ಭಾಷೆಯಲ್ಲಿ ಊಟ ಕೇಳುವಾಗ ‘ಕೊಡು’, ‘ಕೊಡಿ’, ‘ಕೊಡ್ತೀರಾ’

ಕಾಳಿ ದಂಡೆ, ಕಾರವಾರ:
ಇಲ್ಲಿ ನಾಲ್ವರು ತುರ್ಕಿ ಭಾಷೆ ಕಲಿಯಲು ಶುರು ಮಾಡಿದ್ದೇವೆ. ‘ವೆರ್’ ಅಂದರೆ ಕೊಡು, ‘ಲುತ್ಫೆನ್’ ಅಂದರೆ ದಯವಿಟ್ಟು. ಎರಡನ್ನೂ ಸೇರಿಸಿದರೆ ಉಪ್ಪು, ನೀರು, ಮೀನು ಕೇಳಲು ಸಾಕೇ?

ಅಪ್ಪೆಹುಳಿ, ಶಿರಸಿ:
ಸಾಲದು. ‘ದಯವಿಟ್ಟು ಕೊಡೋ’ ಅಂದ ಹಾಗಾಗುತ್ತದೆ, ಏಕವಚನ ಹೋಗುವುದಿಲ್ಲ. ನಮ್ಮ ಮೂರು ಮೆಟ್ಟಿಲೂ ಅಲ್ಲಿವೆ: ಕೊಡು ‘ವೆರ್’, ಕೊಡಿ ‘ವೆರಿನ್’, ಕೊಡ್ತೀರಾ ‘ವೆರಿರ್ ಮಿಸಿನಿಜ಼್’. ಅಪರಿಚಿತರ ಹತ್ತಿರ ಮೂರನೆಯದನ್ನೇ ಬಳಸಿ.

ಉಪ್ಪು ‘ತುಜ಼್’. ಮೇಜಿನ ಮೇಲೆ ಕಾಣುತ್ತಿರುವ ಉಪ್ಪನ್ನೇ ಕೇಳುವಾಗ ‘ತುಜ಼ು ವೆರಿರ್ ಮಿಸಿನಿಜ಼್?’ ಆ ಕೊನೆಯ ‘ಉ’ ನಮ್ಮ ‘ಅನ್ನು’. ನಾವು ‘ಉಪ್ಪು ಕೊಡಿ’ ಎಂದು ಪ್ರತ್ಯಯ ನುಂಗುವವರು, ಹಾಗಾಗಿ ತಪ್ಪುವುದೇ ಇಲ್ಲಿ. ನೀರು ‘ಸು’, ನೀರನ್ನು ‘ಸುಯು’. ಬ್ರೆಡ್ಡು ‘ಎಕ್ಮೆಕ್’, ಬ್ರೆಡ್ಡನ್ನು ‘ಎಕ್ಮೆಯಿ’, ಕೊನೆಯ ಕಕಾರ ಕರಗುತ್ತದೆ.

ಎಲ್ಲ ಧಾತುಗಳಿಗೂ ‘ಇನ್’ ಅಂಟಿಸಬೇಡಿ, ಪ್ರತ್ಯಯದ ಸ್ವರ ಧಾತುವಿನ ಸ್ವರವನ್ನು ಅನುಸರಿಸುತ್ತದೆ. ಬನ್ನಿ ‘ಗೆಲಿನ್’, ಆದರೆ ಕೂತುಕೊಳ್ಳಿ ‘ಒತುರುನ್’. ತಿನ್ನಿ ಮಾತ್ರ ದಾರಿ ತಪ್ಪಿದ್ದು: ‘ಯೆ’ ಹೋಗಿ ‘ಯಿಯಿನ್’.

ಬಂಗಡೆ ಸಾರು, ಅಂಕೋಲಾ:
ಮಾಣಿಯನ್ನು ಕರೆಯಲು ‘ಬಕಾರ್ ಮಿಸಿನಿಜ಼್?’ ಅನ್ನಿ, ‘ನೋಡ್ತೀರಾ?’ ಅಂತ. ‘ಬಕಾರ್’ನ ಅಕಾರದಿಂದಾಗಿ ಇಲ್ಲಿ ‘ಮಿಸಿನಿಜ಼್’ನ ಇಕಾರ ಬದಲಾಗುತ್ತದೆ: ತುಟಿ ಸುತ್ತದೆ ‘ಉ’ ಅನ್ನಬೇಕು, ತುಳುವಿನ ಪದಾಂತ್ಯದ ಅರೆ ಉಕಾರದಂತೆ. ತರಿಸಿಕೊಳ್ಳಲು ‘ಬಿರ್ ಚಾಯ್ ಅಲಬಿಲಿರ್ ಮಿಯಿಮ್?’, ಒಂದು ಚಾ ತಗೊಳ್ಳಬಹುದೇ.

ನಮಗೆ ಅಕ್ಕಿ ಬೇರೆ, ಅನ್ನ ಬೇರೆ. ಅಲ್ಲೂ ಹಾಗೆಯೇ: ಹಸಿಯದು ‘ಪಿರಿನ್ಚ್’, ಬೆಂದದ್ದು ‘ಪಿಲಾವ್’. ಹೋಟೆಲಿನಲ್ಲಿ ಪಿರಿನ್ಚ್ ಕೇಳಬೇಡಿ. ಮೀನು ‘ಬಾಲಿಕ್’, ಸಿಗಡಿ ‘ಕರಿದೆಸ್’, ಬಂಗಡೆಯ ಬಳಗದ್ದು ‘ಉಸ್ಕುಮ್ರು’. ಸೂಪು ‘ಚೊರ್ಬಾ’, ಅದನ್ನು ಕುಡಿಯುತ್ತಾರೆ.

ಕಾಳಿ ದಂಡೆ:
ಬಡಿಸಿದ್ದನ್ನು ಬೇಡ ಅನ್ನುವುದು ಹೇಗೆ?

ಅಪ್ಪೆಹುಳಿ:
ಅವರು ಕೇಳುವುದೂ ನಮ್ಮಂತೆಯೇ, ‘ಚಾಯ್ ಅಲಿರ್ ಮಿಸಿನಿಜ಼್?’, ಚಾ ತಗೊಳ್ತೀರಾ. ನೇರವಾಗಿ ‘ಇಸ್ತೆಮಿಯೊರುಮ್’ (ಬೇಡ) ಅಂದರೆ ಒರಟು. ‘ಅಲ್ಮಯಾಯಿಮ್, ತೆಶೆಕ್ಕುರ್ ಎದೆರಿಮ್’, ಅಂದರೆ ತಗೊಳ್ಳದೇ ಇರುತ್ತೇನೆ, ಧನ್ಯವಾದ. ಮನೆಯಲ್ಲಿ ಉಂಡೆದ್ದಾಗ ಅಡುಗೆ ಮಾಡಿದವರಿಗೆ ‘ಎಲಿನಿಜ಼ೆ ಸಾಲಿಕ್’ ಹೇಳಲೇಬೇಕು, ನಿಮ್ಮ ಕೈಗೆ ಆರೋಗ್ಯವಿರಲಿ ಎಂದರ್ಥ. ಅವರು ‘ಆಫಿಯೆತ್ ಓಲ್ಸುನ್’ (ಉಂಡದ್ದು ಮೈಗೆ ಹತ್ತಲಿ) ಅನ್ನುತ್ತಾರೆ.